ಪಿ65 ಕೂತ ಜೀನ್‌ಗಳೆಲ್ಲ ಯಾಕೆ ಏಳುವುದಿಲ್ಲ?

ಪ್ರಶ್ನೆ: ಸರ್, ಇಲಿಯ ಮೂಳೆಮಜ್ಜೆಯಿಂದ ಬೆಳೆಸಿದ ಮ್ಯಾಕ್ರೋಫೇಜ್‌ಗಳ ಡೇಟಾ ಜಿಯೋ ಭಂಡಾರದಿಂದ ಇಳಿಸಿಕೊಂಡೀನಿ. ಎಲ್‌ಪಿಎಸ್ (ಬ್ಯಾಕ್ಟೀರಿಯಾ ಪೊರೆಯ ವಸ್ತು) ಕೊಟ್ಟು 1 ಗಂಟೆಗೆ ಮಾಡಿದ ಪಿ65 ಚಿಪ್-ಸೀಕ್‌ನಾಗ (ಜೀನ್ ಎಬ್ಬಿಸುವ ಪಿ65 ಪ್ರೋಟೀನು ಡಿಎನ್‌ಎ ಮ್ಯಾಲೆ ಎಲ್ಲೆಲ್ಲಿ ಕೂತೈತಿ ಅಂತ ತೋರಿಸುವ ಪ್ರಯೋಗ) ಸುಮಾರು 15,000 ಪೀಕ್, ಅಂದ್ರ ಅದು ಕೂತ ಜಾಗ, ಬಂದವು. ಜೀನ್ ಶುರುವಾಗುವ ಜಾಗದ ಆಚೀಚೆ 1 ಲಕ್ಷ ಬೇಸ್ ಒಳಗ ಪೀಕ್ ಇದ್ದರ ಅದು ಪಿ65ರ ಜೀನ್ ಅಂತ ಹಿಡಿದೆ. 21,000 ಜೀನ್‌ನಾಗ ಸುಮಾರು 14,000 ಸಿಕ್ಕವು. ಆದರ 4 ಗಂಟೆಯ ಆರ್‌ಎನ್‌ಎ-ಸೀಕ್‌ನಾಗ (ಯಾವ ಜೀನಿನ ಆರ್‌ಎನ್‌ಎ ಎಷ್ಟೈತಿ ಅಂತ ಎಣಿಸುವ ಪ್ರಯೋಗ) ಎರಡು ಪಟ್ಟಿಗಿಂತ ಹೆಚ್ಚು ಏರಿದ್ದು 620 ಜೀನ್ ಮಾತ್ರ. ಅದರಾಗೂ 150 ಜೀನ್‌ಗೆ ಹತ್ತಿರ ಪೀಕೇ ಇಲ್ಲ. ನಮ್ಮ ಗೈಡ್ ಮೇಡಂ "ಹಂಗಾದ್ರ ಬೈಂಡಿಂಗ್ ನೋಡಿ ಏನು ಉಪಯೋಗ?" ಅಂತ ಕೇಳ್ತಾರ. ಎಲ್ಲಿ ತಪ್ಪಿತು ತಿಳೀವಲ್ದು. ನನ್ನ ಹತ್ರ 16 ಜಿಬಿ ಲ್ಯಾಪ್‌ಟಾಪ್ ಅಷ್ಟೇ ಐತಿ. — ಸಂಶೋಧನಾ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಆ 14,000 ಎಂಬ ಸಂಖ್ಯೆಯಿಂದಲೇ ಶುರು ಮಾಡೋಣ, ಅರ್ಧ ಉತ್ತರ ಅಲ್ಲೇ ಇದೆ.

ಇಲಿಯ ಜೀನೋಮ್ ಸುಮಾರು 270 ಕೋಟಿ ಬೇಸ್. ಅದರಲ್ಲಿ 15,000 ಪೀಕ್ ಹರಡಿದರೆ ಸರಾಸರಿ 1,80,000 ಬೇಸಿಗೊಂದು ಪೀಕ್ ಬರುತ್ತದೆ. ನಿಮ್ಮ ಕಿಟಕಿ ಆಚೆ 1 ಲಕ್ಷ, ಈಚೆ 1 ಲಕ್ಷ, ಒಟ್ಟು 2 ಲಕ್ಷ ಅಗಲ. ಕಣ್ಣು ಮುಚ್ಚಿ ಜೋಳದ ಕಾಳು ಎರಚಿದ ಹಾಗೆ ಪೀಕ್‌ಗಳನ್ನು ಎರಚಿದರೂ ಒಂದೊಂದು ಕಿಟಕಿಗೆ ಸರಾಸರಿ 1.11 ಪೀಕ್ ಬೀಳುತ್ತದೆ. ಒಂದೂ ಬೀಳದಿರುವ ಸಂಭವ ಪಾಯ್ಸನ್ ಲೆಕ್ಕದಲ್ಲಿ 0.33. ಉಳಿದ ಶೇ. 67 ಜೀನ್‌ಗಳಿಗೆ, ಅಂದರೆ 21,000ದಲ್ಲಿ 14,000ಕ್ಕೆ, ಪೀಕ್ ಸುಮ್ಮನೆ ಸಿಗುತ್ತದೆ. ನಿಮಗೆ ಸಿಕ್ಕಿದ್ದೂ ಅಷ್ಟೇ. ಆ ಸಂಖ್ಯೆ ನಿಮ್ಮ ಕಿಟಕಿಯ ಅಗಲವನ್ನು ಹೇಳುತ್ತಿದೆ. ಪಿ65 ಬಗ್ಗೆ ಇನ್ನೂ ಏನೂ ಹೇಳಿಲ್ಲ.

ಏರಿದ 620ರಲ್ಲಿ ಪೀಕ್ ಇರುವವು 470, ಅಂದರೆ ಶೇ. 76. ಆಕಸ್ಮಿಕವಾಗಿ ಬರುವ 67ಕ್ಕಿಂತ ತುಸು ಹೆಚ್ಚು. ನಿಜವಾದ ಸಂಕೇತ ಇದೆ, ಆದರೆ ಅಗಲ ಕಿಟಕಿಯಲ್ಲಿ ಕರಗಿಹೋಗಿದೆ. ಕಿಟಕಿಯನ್ನು ಆಚೀಚೆ 10,000 ಬೇಸಿಗೆ ಇಳಿಸಿ ನೋಡಿ. ಆಗ ಆಕಸ್ಮಿಕದ ಪಾಲು ಶೇ. 10.5ರ ಹತ್ತಿರ ಬರುತ್ತದೆ, ಏರಿದ ಜೀನ್‌ಗಳ ಪಾಲು ಅದಕ್ಕಿಂತ ಎಷ್ಟು ಮೇಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹೋಲಿಕೆಗೆ ಇಡೀ ಜೀನೋಮಿನ ಜೀನ್‌ಗಳನ್ನು ತೆಗೆದುಕೊಳ್ಳಬೇಡಿ. ಮ್ಯಾಕ್ರೋಫೇಜಿನಲ್ಲಿ ಮುಚ್ಚಿಯೇ ಇರುವ ನರಕೋಶದ ಜೀನ್‌ಗಳು, ವಾಸನೆ ಗ್ರಹಿಸುವ ಗ್ರಾಹಿಗಳ ಜೀನ್‌ಗಳು ಎಲ್ಲ ಸೇರಿ ಹೋಲಿಕೆ ಸುಳ್ಳೇ ಚೆನ್ನಾಗಿ ಕಾಣುತ್ತದೆ. 0 ಗಂಟೆಯಲ್ಲಿ ಏರಿದ ಜೀನ್‌ಗಳಷ್ಟೇ ಮಟ್ಟದಲ್ಲಿದ್ದು 4 ಗಂಟೆಗೂ ಬದಲಾಗದ ಜೀನ್‌ಗಳನ್ನು ಜೋಡಿ ಹಿಡಿದು ಹೋಲಿಸಿ.

ಇನ್ನು ಮೇಡಂ ಕೇಳಿದ ಪ್ರಶ್ನೆ. ಅದು ಈ ಕ್ಷೇತ್ರದ ಮೂಲ ಪ್ರಶ್ನೆಯೇ ಹೌದು.

ಪಿ65 ಸೇರಿರುವ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನನ್ನು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ 1986ರಲ್ಲಿ ಗುರುತಿಸಿದ್ದು ಬೈಂಡಿಂಗ್ ಪರೀಕ್ಷೆಯಿಂದಲೇ. ಬಿ ಕೋಶಗಳಲ್ಲಿ ಕಪ್ಪಾ ಹಗುರ ಸರಪಳಿಯ ಜೀನಿನ ಎನ್‌ಹ್ಯಾನ್ಸರ್‌ನಲ್ಲಿರುವ (ಜೀನನ್ನು ಚುರುಕುಗೊಳಿಸುವ ಡಿಎನ್‌ಎ ತುಂಡು) ಜಿ-ಜಿ-ಜಿ-ಎ-ಸಿ-ಟಿ-ಟಿ-ಟಿ-ಸಿ-ಸಿ ಎಂಬ ಹತ್ತು ಅಕ್ಷರಕ್ಕೆ ಅದು ಅಂಟುತ್ತಿತ್ತು. ಬೇರೆ ಬಹುತೇಕ ಕೋಶಗಳಲ್ಲಿ ಐಕಪ್ಪಾಬಿ-ಆಲ್ಫಾ ಎಂಬ ಪ್ರೋಟೀನ್ ಅದನ್ನು ಕೋಶರಸದಲ್ಲಿ ಹಿಡಿದಿಟ್ಟಿರುತ್ತದೆ ಎಂಬುದು ಆಮೇಲೆ ತಿಳಿಯಿತು. ಎಲ್‌ಪಿಎಸ್ ಟಿಎಲ್‌ಆರ್4 ಗ್ರಾಹಿಯನ್ನು ಮುಟ್ಟಿದರೆ ಐಕೆಕೆ ಕೈನೇಸ್ ಆ ಹಿಡಿತಗಾರನ 32 ಮತ್ತು 36ನೇ ಸೆರೀನ್‌ಗಳಿಗೆ ಫಾಸ್ಫೇಟ್ ಹಾಕುತ್ತದೆ, ಪ್ರೋಟಿಯಾಸೋಮ್ ಅದನ್ನು ಅರೆದುಹಾಕುತ್ತದೆ, 15ರಿಂದ 30 ನಿಮಿಷದಲ್ಲಿ ಪಿ65 ನ್ಯೂಕ್ಲಿಯಸ್ ಒಳಗಿರುತ್ತದೆ. ಅಲ್ಲಿ ಅದು ಮೊದಲು ಎಬ್ಬಿಸುವ ಜೀನ್‌ಗಳಲ್ಲಿ ಐಕಪ್ಪಾಬಿ-ಆಲ್ಫಾದ್ದೇ ಜೀನ್ ಒಂದು. ಹೊಸದಾಗಿ ತಯಾರಾದ ಹಿಡಿತಗಾರ ಬಂದು ಪಿ65ನ್ನು ಮತ್ತೆ ಹೊರಗೆ ಎಳೆದೊಯ್ಯುತ್ತದೆ. ಅದಕ್ಕೇ 1 ಗಂಟೆಯ ಚಿತ್ರವೂ 2 ಗಂಟೆಯ ಚಿತ್ರವೂ ಒಂದೇ ಅಲ್ಲ.

ಒಳಗೆ ಬಂದ ಪಿ65ಗೆ ಕೂರಲು ಎಷ್ಟು ಜಾಗವಿದೆ? ಕಪ್ಪಾಬಿ ಮಾದರಿಯನ್ನು ಸಡಿಲವಾಗಿ ಹೀಗೆ ಬರೆಯುತ್ತಾರೆ: ಮೂರು ಜಿ, ಆಮೇಲೆ ಎ ಅಥವಾ ಜಿ, ಎರಡು ಯಾವುದಾದರೂ ಅಕ್ಷರ, ಎರಡು ಸಿ ಅಥವಾ ಟಿ, ಕೊನೆಗೆ ಎರಡು ಸಿ. ನಾಲ್ಕೂ ಅಕ್ಷರ ಸಮನಾಗಿ ಬರುತ್ತವೆ ಎಂದುಕೊಂಡರೆ ಇದು 8,192 ಸ್ಥಾನಕ್ಕೊಮ್ಮೆ ಸಿಗುತ್ತದೆ. ಎರಡೂ ಎಳೆ ಸೇರಿ ಇಲಿಯ ಜೀನೋಮಿನಲ್ಲಿ ಆರೂವರೆ ಲಕ್ಷ ಜಾಗ. ಜಿ ಮತ್ತು ಸಿ ಕಡಿಮೆ ಇರುವುದರಿಂದ ಇದು ಎರಡು ಮೂರು ಲಕ್ಷಕ್ಕೆ ಇಳಿಯುತ್ತದೆ ಅನ್ನಿ. ನಿಮಗೆ ಸಿಕ್ಕ ಪೀಕ್ 15,000. ಅಂದರೆ ಬಹುಪಾಲು ಮಾದರಿ ಅಕ್ಷರಗಳ ಮೇಲೆ ಪಿ65 ಕೂರಲೇ ಇಲ್ಲ. ಕೂತಲ್ಲೂ ಬಹಳ ಕಡೆ ಅದಕ್ಕಿಂತ ಮೊದಲೇ ಬೇರೆಯವರು ಜಾಗ ಬಿಡಿಸಿಟ್ಟಿದ್ದರು. ಮ್ಯಾಕ್ರೋಫೇಜಿನಲ್ಲಿ ಆ ಕೆಲಸ ಪಿಯು.1 ಎಂಬ ಪ್ರೋಟೀನಿನದು. ಕೋಶ ರೂಪುಗೊಳ್ಳುವಾಗಲೇ ಅದು ಜಿ-ಜಿ-ಎ-ಎ ಮಾದರಿಗೆ ಅಂಟಿ, ಸಿ/ಇಬಿಪಿಯಂಥ ಜೊತೆಗಾರರೊಂದಿಗೆ ನ್ಯೂಕ್ಲಿಯೋಸೋಮನ್ನು (ಡಿಎನ್‌ಎ ಸುತ್ತಿಕೊಂಡ ಪ್ರೋಟೀನ್ ಉಂಡೆ) ಸರಿಸಿ ಇಟ್ಟಿರುತ್ತದೆ. ಎಲ್‌ಪಿಎಸ್ ಬಂದಾಗ ಪಿ65 ಆ ತೆರೆದ ಜಾಗಗಳಿಗೆ ಓಡುತ್ತದೆ. ತೆರೆದಿದೆ ಎಂಬ ಒಂದೇ ಕಾರಣಕ್ಕೆ ಕೂತ ಜಾಗಗಳೂ ಪೀಕ್ ಆಗಿ ಕಾಣುತ್ತವೆ, ಅಲ್ಲಿ ಯಾವ ಜೀನಿಗೂ ಅದರಿಂದ ವ್ಯತ್ಯಾಸವಾಗದೆ ಇರಬಹುದು.

ಇದು ಪಿ65ರ ಒಂದರ ಗುಣವಲ್ಲ. 2007ರಲ್ಲಿ ಹೀಲಾ ಎಸ್3 ಕೋಶಗಳಿಗೆ ಇಂಟರ್‌ಫೆರಾನ್-ಗಾಮಾ ಕೊಟ್ಟು ಸ್ಟ್ಯಾಟ್1 ಎಂಬ ಇನ್ನೊಂದು ಪ್ರೋಟೀನಿನ ಚಿಪ್-ಸೀಕ್ ಮಾಡಿದಾಗ 41,582 ಜಾಗ ಸಿಕ್ಕವು. ಇಂಟರ್‌ಫೆರಾನ್ ಕೊಡದ ಕೋಶಗಳಲ್ಲೂ 11,004 ಇದ್ದವು. ಇಂಟರ್‌ಫೆರಾನಿಗೆ ಓಗೊಡುವ ಜೀನ್‌ಗಳನ್ನೋ ನಾವು ನೂರರ ಲೆಕ್ಕದಲ್ಲಿ ಎಣಿಸುತ್ತೇವೆ. ಚಿಪ್-ಸೀಕ್ ಹುಟ್ಟಿದ ವರ್ಷದಿಂದಲೇ ಈ ಅಂತರ ಜೊತೆಗಿದೆ.

ಪೀಕ್ ಎತ್ತರವಾಗಿದ್ದರೆ ಜೀನ್ ಜೋರಾಗಿ ಓದಿಸಿಕೊಳ್ಳುತ್ತಿದೆ ಎಂದು ತಿಳಿಯುವುದೂ ಸರಿಯಲ್ಲ. ಜೀವಂತ ಕೋಶದಲ್ಲಿ ಒಂದು ಪಿ65 ಅಣು ಡಿಎನ್‌ಎ ಮೇಲೆ ನಿಲ್ಲುವುದು ಸೆಕೆಂಡುಗಳ ಲೆಕ್ಕದಲ್ಲಿ. ಫಾರ್ಮಾಲ್ಡಿಹೈಡ್ 10 ನಿಮಿಷ ಕೆಲಸ ಮಾಡುತ್ತದೆ, ಆ ಅವಧಿಯಲ್ಲಿ ಬಂದುಹೋದವರನ್ನೆಲ್ಲ ಸ್ವಲ್ಪ ಸ್ವಲ್ಪವಾಗಿ ಹಿಡಿದು ಕಟ್ಟುತ್ತದೆ. ಪೀಕಿನ ಎತ್ತರದಲ್ಲಿ ನಾಲ್ಕು ಸಂಗತಿ ಒಟ್ಟಿಗೆ ಕಲಸಿರುತ್ತವೆ: ಎಷ್ಟು ಕೋಶಗಳಲ್ಲಿ ಕೂತಿತ್ತು, ಎಷ್ಟು ಹೊತ್ತು ಕೂತಿತ್ತು, ಕ್ರಾಸ್‌ಲಿಂಕ್ ಎಷ್ಟು ಚೆನ್ನಾಗಿ ಆಯಿತು, ಆಂಟಿಬಾಡಿಗೆ ಅದರ ಹಿಡಿ ಸಿಕ್ಕಿತೇ. ಇವನ್ನು ಒಂದೇ ಪ್ರಯೋಗದಿಂದ ಬಿಡಿಸಲಾಗದು.

ಕೂತ ಮೇಲೂ ಕೆಲಸ ಬಾಕಿ ಇರುತ್ತದೆ. ಪಿ65ರ ಬಾಲದಲ್ಲಿ ಪ್ರತಿಲೇಖನವನ್ನು ಚುರುಕುಗೊಳಿಸುವ ಭಾಗವಿದೆ. ಅದು ಸಿಬಿಪಿ ಮತ್ತು ಪಿ300 ಎಂಬ ಸಹಾಯಕರನ್ನು ಕರೆಯಬೇಕು. 276ನೇ ಸೆರೀನಿಗೆ ಫಾಸ್ಫೇಟ್ ಬಿದ್ದರೆ ಆ ಕರೆ ಸಲೀಸು. ಅವರು ಹಿಸ್ಟೋನ್‌ಗಳಿಗೆ ಅಸಿಟೈಲ್ ಹಾಕಿದಾಗ ಬಿಆರ್‌ಡಿ4 ಬಂದು, ಪಿ-ಟಿಇಎಫ್‌ಬಿಯನ್ನು ಕರೆತಂದು, ಜೀನಿನ ಬಾಗಿಲಲ್ಲೇ ತಡೆದು ನಿಂತಿರುವ ಆರ್‌ಎನ್‌ಎ ಪಾಲಿಮರೇಸ್ 2ರ ಬಾಲಕ್ಕೆ, ಎರಡನೇ ಸೆರೀನ್ ಮೇಲೆ, ಫಾಸ್ಫೇಟ್ ಹಾಕಿಸುತ್ತದೆ. ಆಗ ಅದು ಓಡುತ್ತದೆ. ಈ ಸಾಲಿನಲ್ಲಿ ಒಬ್ಬರು ತಪ್ಪಿಸಿಕೊಂಡರೂ ಪೀಕ್ ಹಾಗೇ ಇರುತ್ತದೆ, ಆರ್‌ಎನ್‌ಎ ಬರುವುದಿಲ್ಲ. ಇದಕ್ಕೆ ನನಗೆ ತೀರಾ ಸ್ಪಷ್ಟವಾಗಿ ಕಾಣುವ ಉದಾಹರಣೆ ಎಲ್ಲ ಔಷಧ ಅಂಗಡಿಯಲ್ಲೂ ಸಿಗುವ ಡೆಕ್ಸಾಮೆಥಾಸೋನ್. ಶ್ವಾಸಕೋಶದ ಎ549 ಕೋಶಗಳಲ್ಲಿ 2000ದಲ್ಲಿ ತೋರಿಸಿದ ಹಾಗೆ, ಅದನ್ನು ಕೊಟ್ಟಾಗ ಐಎಲ್-8 ಮತ್ತು ಐಕ್ಯಾಮ್-1 ಜೀನ್‌ಗಳ ಪ್ರಮೋಟರ್‌ಗಳಿಂದ (ಜೀನಿನ ಬಾಗಿಲು) ಪಿ65 ಏಳುವುದಿಲ್ಲ, ಕೂತೇ ಇರುತ್ತದೆ. ತಪ್ಪುವುದು ಪಾಲಿಮರೇಸಿನ ಎರಡನೇ ಸೆರೀನಿಗೆ ಬೀಳಬೇಕಾದ ಫಾಸ್ಫೇಟ್. ಬೈಂಡಿಂಗ್ ಅದೇ, ಜೀನ್ ಬಂದ್. ಮೇಡಂಗೆ ಇದನ್ನು ತೋರಿಸಿ.

ಇನ್ನು, ಎನ್‌ಎಫ್-ಕಪ್ಪಾಬಿ ಎಂದರೆ ಐದು ಜನರ ಕುಟುಂಬ: ಪಿ65, ರೆಲ್‌ಬಿ, ಸಿ-ರೆಲ್, ಪಿ50, ಪಿ52. ಇವು ಜೋಡಿಯಾಗಿ ಕೂರುತ್ತವೆ. ಪಿ50 ತನ್ನ ಜೊತೆ ತಾನೇ ಸೇರಿದರೆ ಆ ಜೋಡಿಗೆ ಜೀನ್ ಎಬ್ಬಿಸುವ ಬಾಲವೇ ಇಲ್ಲ, ಬದಲಿಗೆ ಜಾಗ ಹಿಡಿದು ಇತರರನ್ನು ತಡೆಯುತ್ತದೆ. ನಿಮ್ಮದು ಪಿ65 ಆಂಟಿಬಾಡಿಯ ಡೇಟಾ ಆದ್ದರಿಂದ ಈ ಗೊಂದಲ ಅಷ್ಟಿಲ್ಲ. ಪಿ50 ಡೇಟಾ ಬಳಸುವವರು ಮಾತ್ರ ತುಂಬ ಎಚ್ಚರವಿರಬೇಕು.

ಕೆಲವು ಜೀನ್‌ಗಳಿಗೆ ಒಬ್ಬರು ಸಾಲುವುದೇ ಇಲ್ಲ. ಇಂಟರ್‌ಫೆರಾನ್-ಬೀಟಾ ಜೀನಿನ ಎನ್‌ಹ್ಯಾನ್ಸರ್ ಸುಮಾರು 55 ಬೇಸ್ ಉದ್ದ. ಅಷ್ಟರಲ್ಲೇ ಎಟಿಎಫ್2 ಮತ್ತು ಸಿ-ಜುನ್, ಐಆರ್‌ಎಫ್3 ಮತ್ತು ಐಆರ್‌ಎಫ್7, ಪಿ50 ಮತ್ತು ಪಿ65 ಒಟ್ಟಿಗೆ ಕೂರಬೇಕು. ಐಎಲ್12ಬಿ, ಐಎಲ್6, ಎನ್‌ಒಎಸ್2ನಂಥ ಜೀನ್‌ಗಳ ಬಾಗಿಲಲ್ಲಿ ನ್ಯೂಕ್ಲಿಯೋಸೋಮ್ ಅಡ್ಡ ಇರುತ್ತದೆ. ಅದನ್ನು ಸ್ವಿ/ಸ್ನಿಫ್ ಸಂಕೀರ್ಣ ಸರಿಸಬೇಕು, ಮೊದಲ ಅಲೆಯಲ್ಲಿ ತಯಾರಾದ ಹೊಸ ಪ್ರೋಟೀನ್‌ಗಳೂ ಬೇಕು. ಅವುಗಳಲ್ಲಿ ಐಕಪ್ಪಾಬಿ-ಜೀಟಾ ಮುಖ್ಯವಾದದ್ದು. ಐಎಲ್6 ಪಿ65 ಒಂದಕ್ಕೇ ಏಳುವುದಿಲ್ಲ, ಇದು ತಯಾರಾಗಿ ಬಂದು ಸೇರುವ ತನಕ ಕಾಯುತ್ತದೆ.

ಪೀಕಿಗೆ ಹತ್ತಿರದ ಜೀನೇ ಅದರ ಜೀನ್ ಎಂದು ಹಿಡಿಯುವುದು ಮತ್ತೊಂದು ದೊಡ್ಡ ತಪ್ಪು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಯಾವ ಎಳೆ ಯಾವುದಕ್ಕೆ ಸೇರಿತು ಎಂಬುದು ಆ ಕೊಂಡಿಯಿಂದ ತಿಳಿಯುತ್ತದೆ. ಡಿಎನ್‌ಎ ಕೂಡ ಬಾಗಿ ದೂರದ ಎನ್‌ಹ್ಯಾನ್ಸರನ್ನು ಪ್ರಮೋಟರಿನ ಹತ್ತಿರ ತರುತ್ತದೆ, ನಡುವೆ ಇರುವ ಎರಡು ಮೂರು ಜೀನ್‌ಗಳನ್ನು ದಾಟಿಯೂ ಹೋಗುತ್ತದೆ. ಹೈ-ಸಿ ಅಥವಾ ಪ್ರಮೋಟರ್ ಕ್ಯಾಪ್ಚರ್ ಹೈ-ಸಿ ಡೇಟಾ ಇದ್ದರೆ ಆ ಕೊಂಡಿ ನೋಡಬಹುದು. ಇಲ್ಲದಿದ್ದರೆ ದೂರಕ್ಕೆ ತಕ್ಕಂತೆ ತೂಕ ಇಳಿಸುವುದು ಉಳಿದ ದಾರಿ.

ಈಗ ಆರ್‌ಎನ್‌ಎ ಬದಿಗೆ ಬನ್ನಿ. ಇಲ್ಲಿ ಆಗುವ ನಷ್ಟವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆರ್‌ಎನ್‌ಎ-ಸೀಕ್ ತೋರಿಸುವುದು ತೊಟ್ಟಿಯಲ್ಲಿರುವ ನೀರಿನ ಮಟ್ಟ. ನಳದಿಂದ ಎಷ್ಟು ಬೀಳುತ್ತಿದೆ ಎಂಬುದು ಅದರಿಂದ ನೇರವಾಗಿ ತಿಳಿಯದು. ಎರಡು ಜೀನ್ ತೆಗೆದುಕೊಳ್ಳಿ. ಪಿ65 ಕೂತ ಮೇಲೆ ಎರಡರ ಪ್ರತಿಲೇಖನವೂ 1 ಗಂಟೆ ಕಾಲ 5 ಪಟ್ಟು ಆಯಿತು ಎನ್ನೋಣ. ಮೊದಲನೆಯದರ ಆರ್‌ಎನ್‌ಎ ಅರ್ಧಾಯುಷ್ಯ 30 ನಿಮಿಷ: ಗಂಟೆ ಮುಗಿದಾಗ ಮಟ್ಟ 4 ಪಟ್ಟು. ಎರಡನೆಯದರ ಅರ್ಧಾಯುಷ್ಯ 10 ಗಂಟೆ: ಗಂಟೆ ಮುಗಿದಾಗ ಮಟ್ಟ 1.27 ಪಟ್ಟು. ನಳ ಎರಡಕ್ಕೂ ಒಂದೇ ಸಮ ತೆರೆದಿತ್ತು, ಆದರೆ ಎರಡು ಪಟ್ಟಿನ ಗೆರೆ ಹಾಕಿದ ನಿಮ್ಮ ಪಟ್ಟಿಯಲ್ಲಿ ಎರಡನೆಯದು "ಬದಲಾಗದ ಜೀನ್". ಪಿ65 ಕೂತೂ ಏಳಲಿಲ್ಲ ಎಂದು ನೀವು ಎಣಿಸಿದ ಜೀನ್‌ಗಳಲ್ಲಿ ಇಂಥವು ಖಂಡಿತ ಇವೆ. ಉಲ್ಟಾ ಕೂಡ ಆಗುತ್ತದೆ. ಟಿಎನ್‌ಎಫ್ ಆರ್‌ಎನ್‌ಎಯ ಬಾಲದಲ್ಲಿ ಎ ಮತ್ತು ಯು ತುಂಬಿದ ಭಾಗವಿದೆ, ಟ್ರಿಸ್ಟೆಟ್ರಾಪ್ರೋಲಿನ್ ಎಂಬ ಪ್ರೋಟೀನ್ ಅದನ್ನು ಹಿಡಿದು ಬೇಗ ಹಾಳುಮಾಡಿಸುತ್ತದೆ. ಎಲ್‌ಪಿಎಸ್ ಬಂದಾಗ ಪಿ38 ಮತ್ತು ಎಂಕೆ2 ಆ ಪ್ರೋಟೀನಿನ ಕೈಕಟ್ಟುತ್ತವೆ. ನಳ ಇದ್ದಷ್ಟೇ ಇದ್ದರೂ ತೊಟ್ಟಿ ತುಂಬುತ್ತದೆ.

ಹಾಗಾದರೆ ಪೀಕ್ ಇಲ್ಲದೆ ಏರಿದ ಆ 150 ಜೀನ್? ಅವುಗಳ ಪಟ್ಟಿಯಲ್ಲಿ ಎಂಎಕ್ಸ್1, ಐಎಫ್‌ಐಟಿ1, ಐಎಸ್‌ಜಿ15, ಐಆರ್‌ಎಫ್7 ಇವೆಯೇ ನೋಡಿ. ಇದ್ದರೆ ಕಾರಣ ಬಹುತೇಕ ಸಿಕ್ಕಂತೆ. ಎಲ್‌ಪಿಎಸ್ ಟಿಎಲ್‌ಆರ್4ರಿಂದ ಎರಡು ದಾರಿ ಹಿಡಿಯುತ್ತದೆ. ಮೈಡಿ88 ದಾರಿ ಎನ್‌ಎಫ್-ಕಪ್ಪಾಬಿಗೆ ಬೇಗ ಒಯ್ಯುತ್ತದೆ, ಟ್ರಿಫ್ ದಾರಿ ಐಆರ್‌ಎಫ್3ರ ಮೂಲಕ ಇಂಟರ್‌ಫೆರಾನ್-ಬೀಟಾ ಮಾಡಿಸುತ್ತದೆ. ಅದು ಕೋಶದಿಂದ ಹೊರಬಂದು, ಅದೇ ಕೋಶದ ಮತ್ತು ಪಕ್ಕದ ಕೋಶಗಳ ಗ್ರಾಹಿಗೆ ತಗುಲಿ, ಸ್ಟ್ಯಾಟ್1, ಸ್ಟ್ಯಾಟ್2, ಐಆರ್‌ಎಫ್9 ಮೂವರ ತಂಡವನ್ನು ನ್ಯೂಕ್ಲಿಯಸ್ಸಿಗೆ ಕಳಿಸುತ್ತದೆ. 4 ಗಂಟೆಗೆ ಈ ಎರಡನೇ ಅಲೆ ಭರಪೂರ ಇರುತ್ತದೆ. ಆ ಜೀನ್‌ಗಳು ಏರಿದ್ದು ಟ್ರಿಫ್ ದಾರಿ ಮಾಡಿಸಿದ ಇಂಟರ್‌ಫೆರಾನಿನಿಂದ, ಪಿ65 ಅವುಗಳ ಮೇಲೆ ಕೂತದ್ದರಿಂದ ಅಲ್ಲ. ಪ್ರಮೋಟರ್‌ಗಳಲ್ಲಿ ಆ ತಂಡ ಅಂಟುವ ಐಎಸ್‌ಆರ್‌ಇ ಮಾದರಿ ಹೆಚ್ಚಿದೆಯೇ ಎಂದು ಹುಡುಕಿ, ಇಂಟರ್‌ಫೆರಾನ್ ಗ್ರಾಹಿ ಇಲ್ಲದ ಇಲಿಗಳ ಎಲ್‌ಪಿಎಸ್ ಡೇಟಾ ಸಿಕ್ಕರೆ ಅದರಲ್ಲಿ ಇವು ಏರುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಉಳಿದ ಕೆಲವಕ್ಕೆ ಪಿ65 ತಡವಾಗಿ ಬರುವುದೂ ಕಾರಣ. ಎನ್‌ಎಫ್-ಕಪ್ಪಾಬಿ ಎಲ್ಲ ಪ್ರಮೋಟರಿಗೂ ಒಂದೇ ಹೊತ್ತಿಗೆ ಹೋಗುವುದಿಲ್ಲ, ಐಎಲ್6 ಮತ್ತು ಸಿಸಿಎಲ್5ನಂಥವಕ್ಕೆ ಎರಡನೇ ಸರದಿಯಲ್ಲಿ ಸೇರುತ್ತದೆ ಎಂಬುದು 2001ರಿಂದಲೇ ಗೊತ್ತಿರುವ ಸಂಗತಿ. 1 ಗಂಟೆಯ ಚಿಪ್ ಅದನ್ನು ಹಿಡಿಯದು.

16 ಜಿಬಿಯಲ್ಲಿ ಮರುಲೆಕ್ಕ

ಮೊದಲು 4 ಗಂಟೆಯ ಆರ್‌ಎನ್‌ಎಯನ್ನು ಬದಿಗಿಡಿ. 1 ಗಂಟೆಯ ಚಿಪ್‌ಗೆ 1 ಮತ್ತು 2 ಗಂಟೆಯ ಆರ್‌ಎನ್‌ಎ ಜೋಡಿ. ಸಾಧ್ಯವಾದರೆ ಅದೇ ಪ್ರಯೋಗಾಲಯದ, ಅದೇ ಎಲ್‌ಪಿಎಸ್ ಪ್ರಮಾಣದ ಡೇಟಾ ಆಗಿರಲಿ. ಒಬ್ಬರು 10 ನ್ಯಾನೋಗ್ರಾಂ, ಇನ್ನೊಬ್ಬರು 100 ನ್ಯಾನೋಗ್ರಾಂ ಹಾಕಿದ್ದರೆ ವೇಗವೇ ಬೇರೆ.

ಸ್ಟಾರ್ ಎಂಬ ಅಲೈನರ್‌ಗೆ (ರೀಡ್‌ಗಳನ್ನು, ಅಂದರೆ ಓದಿದ ತುಣುಕುಗಳನ್ನು, ಜೀನೋಮಿಗೆ ಹೊಂದಿಸುವ ತಂತ್ರಾಂಶ) ಸುಮಾರು 30 ಜಿಬಿ ಬೇಕು, ನಿಮ್ಮ ಯಂತ್ರದಲ್ಲಿ ಅರ್ಧಕ್ಕೇ ಸಾಯುತ್ತದೆ. ಚಿಪ್‌ಗೆ ಬೋಟೈ2, ಆರ್‌ಎನ್‌ಎಗೆ ಹೈಸ್ಯಾಟ್2 ಬಳಸಿ, ಎರಡೂ 16 ಜಿಬಿಯಲ್ಲಿ ಆರಾಮವಾಗಿ ಓಡುತ್ತವೆ. ಬೇಸಿಗೆಯಲ್ಲಿ ಕರೆಂಟು ಪದೇ ಪದೇ ಹೋಗುವ ಕಡೆ ಗ್ಯಾಲಕ್ಸಿ ಎಂಬ ಆನ್‌ಲೈನ್ ಸರ್ವರೇ ವಾಸಿ. ಕೆಲಸ ಅಲ್ಲಿ ನಡೆದಿರುತ್ತದೆ, ಲ್ಯಾಪ್‌ಟಾಪ್ ಆರಿದರೂ ಲೆಕ್ಕ ನಿಲ್ಲುವುದಿಲ್ಲ.

ಪೀಕ್‌ಗಳನ್ನು ಸೋಸುವುದು ಮುಂದಿನ ಕೆಲಸ. ಇನ್‌ಪುಟ್ (ಆಂಟಿಬಾಡಿಯಿಂದ ಹಿಡಿಯುವ ಮೊದಲಿನ ಮಾದರಿ) ಹೋಲಿಕೆ ಇಲ್ಲದೆ ಕರೆದ ಪೀಕ್‌ಗಳನ್ನು ನಂಬಬೇಡಿ. ಎರಡು ರೆಪ್ಲಿಕೇಟ್‌ನಲ್ಲೂ ಬಂದವನ್ನೇ ಇಟ್ಟುಕೊಳ್ಳಿ, ಸುಳ್ಳು ಪೀಕ್ ಕೊಡುವ ಎನ್‌ಕೋಡ್ ಕಪ್ಪುಪಟ್ಟಿಯ ಜಾಗಗಳನ್ನು ತೆಗೆದುಹಾಕಿ. ಒಟ್ಟು ರೀಡ್‌ಗಳಲ್ಲಿ ಪೀಕ್ ಒಳಗೆ ಬಿದ್ದವು ಶೇ. 1ಕ್ಕಿಂತ ಕಡಿಮೆ ಇದ್ದರೆ ಆ ಲೈಬ್ರರಿಯೇ ಬಡವಾಗಿದೆ. ಆಮೇಲೆ ಹೋಮರ್ ಎಂಬ ತಂತ್ರಾಂಶದಲ್ಲಿ ಪೀಕಿನ ನಡುಬಿಂದುವಿನ ಆಚೀಚೆ 100 ಬೇಸ್‌ನಲ್ಲಿ ಮಾದರಿ ಹುಡುಕಿ. ಕಪ್ಪಾಬಿ ಮಾದರಿ ನಡುವಿನಲ್ಲೇ ಗುಂಪಾಗಿ ಕಂಡರೆ ಪಿ65 ನೇರವಾಗಿ ಕೂತಿದೆ. ಬರೀ ಪಿಯು.1 ಮಾದರಿ ಬಂದರೆ ನೀವು ತೆರೆದ ಕ್ರೋಮ್ಯಾಟಿನ್ ನೋಡುತ್ತಿದ್ದೀರಿ. ಪೀಕ್‌ಗಳನ್ನು ಹೀಗೆ ಎರಡು ರಾಶಿ ಮಾಡಿ, ಜೀನ್ ಜೊತೆಗಿನ ಸಂಬಂಧವನ್ನು ಬೇರೆ ಬೇರೆಯಾಗಿ ಲೆಕ್ಕಹಾಕಿ. ಈ ಒಂದು ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಅದೇ ಹೊತ್ತಿನ ಎಚ್3ಕೆ27 ಅಸಿಟೈಲ್ (ಚುರುಕಾದ ಜಾಗದ ಹಿಸ್ಟೋನ್ ಗುರುತು) ಚಿಪ್-ಸೀಕ್ ಸಿಕ್ಕರೆ ಇನ್ನೂ ಒಳ್ಳೆಯದು. ಪಿ65 ಬಂದ ಮೇಲೆ ಅಸಿಟೈಲ್ ಏರಿದ ಜಾಗ ಯಾವುದು, ಏರದ ಜಾಗ ಯಾವುದು ಎಂದು ವಿಂಗಡಿಸಿ. ಮೊದಲ ಗುಂಪಿಗೂ ಜೀನ್ ಏರಿಕೆಗೂ ಇರುವ ನಂಟು, ಬರೀ ಪೀಕಿಗಿರುವ ನಂಟಿಗಿಂತ ಗಟ್ಟಿ. 0 ಗಂಟೆ ಮತ್ತು 1 ಗಂಟೆಯ ಪೀಕ್ ಪಟ್ಟಿಗಳನ್ನು ಎರಡು ವೃತ್ತದ ಚಿತ್ರದಲ್ಲಿ ಹೋಲಿಸುವ ಅಭ್ಯಾಸ ಬಿಟ್ಟುಬಿಡಿ. ಗೆರೆಯಂಚಿನ ಪೀಕ್ ಒಂದು ಕಡೆ ದಾಟಿ ಇನ್ನೊಂದು ಕಡೆ ದಾಟದಿದ್ದರೆ ಹೊಸದು ಎಂದು ಸುಳ್ಳೇ ಎಣಿಕೆಯಾಗುತ್ತದೆ. ಎಲ್ಲ ಪೀಕ್‌ಗಳ ಒಂದೇ ಪಟ್ಟಿ ಮಾಡಿ, ರೀಡ್ ಎಣಿಸಿ, ಡಿಇಸೀಕ್2ರಲ್ಲಿ ಹೋಲಿಸಿ.

ಜೀನಿಗೆ ಪೀಕ್ ಹೊಂದಿಸಲು ಬೀಟಾ ಎಂಬ ವಿಧಾನದ ಸೂತ್ರ ಕೈಯಲ್ಲೇ ಮಾಡುವಷ್ಟು ಸರಳ. ಪ್ರತಿ ಪೀಕಿನ ದೂರವನ್ನು 1 ಲಕ್ಷದಿಂದ ಭಾಗಿಸಿ, 4ರಿಂದ ಗುಣಿಸಿ, 0.5 ಕೂಡಿಸಿ, ಅದರ ಋಣ ಘಾತಕ್ಕೆ ಇ ಏರಿಸಿ. ಹೀಗೆ ಬಂದ ಅಂಕಗಳನ್ನು ಆ ಜೀನಿನ ಎಲ್ಲ ಪೀಕ್‌ಗಳಿಗೂ ಕೂಡಿಸಬೇಕು. ಜೀನಿನ ಬಾಗಿಲಲ್ಲೇ ಇರುವ ಪೀಕಿಗೆ 0.61, 10,000 ಬೇಸ್ ದೂರಕ್ಕೆ 0.41, 50,000ಕ್ಕೆ 0.08, 1 ಲಕ್ಷಕ್ಕೆ 0.01. ನಿಮ್ಮ ಹಳೆಯ ವಿಧಾನದಲ್ಲಿ ಈ ನಾಲ್ಕಕ್ಕೂ ಸಮಾನ ತೂಕವಿತ್ತು.

ತೊಟ್ಟಿ ಬಿಟ್ಟು ನಳ ನೋಡಬೇಕೆಂದರೆ ಇಂಟ್ರಾನ್ ಮೇಲೆ ಬಿದ್ದ ರೀಡ್‌ಗಳನ್ನು ಬೇರೆಯಾಗಿ ಎಣಿಸಿ, ಫೀಚರ್‌ಕೌಂಟ್ಸ್‌ನಲ್ಲಿ ಅದು ಸುಲಭ. ಇಂಟ್ರಾನ್ ಬೇಗ ಕತ್ತರಿಸಿಹೋಗುವುದರಿಂದ ಅದು ಈಗಷ್ಟೇ ಬರೆದ ಆರ್‌ಎನ್‌ಎಯ ಗುರುತು. ರೈಬೋಸೋಮ್ ಆರ್‌ಎನ್‌ಎ ತೆಗೆದ ಒಟ್ಟು ಆರ್‌ಎನ್‌ಎ ಲೈಬ್ರರಿಯಲ್ಲಿ ಇದು ಚೆನ್ನಾಗಿ ಸಿಗುತ್ತದೆ, ಪಾಲಿ-ಎ ಲೈಬ್ರರಿಯಲ್ಲಿ ಕಡಿಮೆ. ಇಂಟರ್‌ಫೆರಾನ್-ಬೀಟಾ ಜೀನಿಗೆ ಇಂಟ್ರಾನೇ ಇಲ್ಲ, ಜುನ್‌ಗೂ ಇಲ್ಲ. ಅಂಥವಕ್ಕೆ ಈ ಉಪಾಯ ನಡೆಯದು. 4-ಥಯೋಯುರಿಡಿನ್ ಹಾಕಿ ಮಾಡಿದ ಹೊಸ ಆರ್‌ಎನ್‌ಎ ಡೇಟಾ ಅಥವಾ ಕ್ರೋಮ್ಯಾಟಿನ್‌ಗೆ ಅಂಟಿದ ಆರ್‌ಎನ್‌ಎ ಡೇಟಾ ಸಿಕ್ಕರೆ ಅದನ್ನೇ ಬಳಸಿ.

ಮೂರು ನಾಲ್ಕು ಜೀನನ್ನಾದರೂ ಕೈಯಿಂದ ನೋಡಿ

ಜೀವಕೋಶ ಬೆಳೆಸುವ ಕೋಣೆಯಿರುವ ಲ್ಯಾಬು ಬೆಳಗಾವಿಯಲ್ಲೋ ಬಾಗಲಕೋಟೆಯಲ್ಲೋ ಸಿಕ್ಕರೆ, ರಾ 264.7 ಎಂಬ ಇಲಿ ಮ್ಯಾಕ್ರೋಫೇಜ್ ಕೋಶಗಳಲ್ಲಿ ಚಿಪ್-ಕ್ಯೂಪಿಸಿಆರ್ (ಆಯ್ದ ಜಾಗಗಳನ್ನಷ್ಟೇ ಅಳೆಯುವ ಚಿಪ್) ಮಾಡಬಹುದು. ಒಂದು ಐಪಿಗೆ (ಆಂಟಿಬಾಡಿಯಿಂದ ಹಿಡಿದೆಳೆಯುವ ಹಂತ) 1 ಕೋಟಿ ಕೋಶ, 2ರಿಂದ 5 ಮೈಕ್ರೋಗ್ರಾಂ ಪಿ65 ಆಂಟಿಬಾಡಿ, ಎಲ್‌ಪಿಎಸ್ ಮಿಲಿಲೀಟರಿಗೆ 100 ನ್ಯಾನೋಗ್ರಾಂ, ಹೊತ್ತು 0, 30, 60, 120 ನಿಮಿಷ.

ಪಿ65 ಬಹಳಷ್ಟು ಸಲ ಇತರ ಪ್ರೋಟೀನ್‌ಗಳ ಆಸರೆಯಲ್ಲಿ ನಿಲ್ಲುವುದರಿಂದ ಬರೀ ಫಾರ್ಮಾಲ್ಡಿಹೈಡ್‌ಗೆ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಮೊದಲು ಪ್ರೋಟೀನನ್ನು ಪ್ರೋಟೀನಿಗೆ ಕಟ್ಟುವ ಡಿಎಸ್‌ಜಿ ಎಂಬ ರಾಸಾಯನಿಕದಲ್ಲಿ (2 ಮಿಲಿಮೋಲಾರ್) 30 ನಿಮಿಷ ಇಡಿ. ಡಿಎಸ್‌ಜಿಯನ್ನು ಪಿಬಿಎಸ್‌ನಲ್ಲೇ ಹಾಕಬೇಕು. ಮೀಡಿಯಂ ಅಥವಾ ಟ್ರಿಸ್ ಇದ್ದರೆ ಅವುಗಳ ಅಮೈನ್ ಗುಂಪುಗಳೇ ಅದನ್ನು ತಿಂದುಹಾಕುತ್ತವೆ. ಫ್ರೀಜರ್‌ನಿಂದ ತೆಗೆದ ಬಾಟಲಿಯನ್ನು ಹೊರಗಿನ ತಾಪಕ್ಕೆ ಬರುವ ತನಕ ತೆರೆಯಬೇಡಿ, ಒಳಗೆ ತೇವ ಕೂತರೆ ಪುಡಿ ಕೆಡುತ್ತದೆ. ಆಮೇಲೆ 10 ಮಿಲಿಲೀಟರಿಗೆ ಶೇ. 37ರ ಫಾರ್ಮಾಲ್ಡಿಹೈಡ್ 278 ಮೈಕ್ರೋಲೀಟರ್ ಹಾಕಿದರೆ ಶೇ. 1 ಆಗುತ್ತದೆ. 10 ನಿಮಿಷಕ್ಕೆ ಸರಿಯಾಗಿ 2.5 ಮೋಲಾರ್ ಗ್ಲೈಸೀನ್ 540 ಮೈಕ್ರೋಲೀಟರ್ ಹಾಕಿ, 5 ನಿಮಿಷ ಬಿಡಿ. ತಳದಲ್ಲಿ ಬಿಳಿ ಕದಡು ಕಂಡ ಹಳೆಯ ಫಾರ್ಮಾಲ್ಡಿಹೈಡ್ ಬಾಟಲಿ ಬೇಡ. ಅದು ಪಾಲಿಮರ್ ಆಗಿದೆ, ಬಾಟಲಿ ಮೇಲೆ ಬರೆದ ಸಾಂದ್ರತೆ ಈಗ ಒಳಗಿಲ್ಲ.

ಒಂದು ಮಾತು ನಿಮ್ಮ ಊರಿನವರಿಗೆ ವಿಶೇಷವಾಗಿ ಹೇಳಬೇಕು. ಪ್ರೋಟೋಕಾಲ್‌ಗಳಲ್ಲಿ "ರೂಮ್ ಟೆಂಪರೇಚರ್" ಎಂದರೆ 20ರಿಂದ 25 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ವಿಜಯಪುರದ ಎಸಿ ಇಲ್ಲದ ಕೋಣೆ ಆ ತಾಪದಲ್ಲಿ ಇರುವುದಿಲ್ಲ. ಬಿಸಿಯಲ್ಲಿ ಫಾರ್ಮಾಲ್ಡಿಹೈಡ್ ಬೇಗ ಕಟ್ಟುತ್ತದೆ. ಅದೇ 10 ನಿಮಿಷಕ್ಕೆ ಕ್ರಾಸ್‌ಲಿಂಕ್ ಅತಿಯಾಗಿ, ಸೋನಿಕೇಟರ್‌ಗೆ ಕ್ರೋಮ್ಯಾಟಿನ್ ಒಡೆಯದೆ, ಆಂಟಿಬಾಡಿಗೆ ಹಿಡಿ ಮುಚ್ಚಿಹೋಗಿ, ಐಪಿಯೇ ಖಾಲಿ ಬರುತ್ತದೆ. ಥರ್ಮಾಮೀಟರ್ ಇಟ್ಟು 22 ಡಿಗ್ರಿಯ ನೀರಿನಲ್ಲಿ ಪ್ಲೇಟ್ ಇಡಿ, ಇಲ್ಲವೇ ಬೆಳಿಗ್ಗೆ ಬೇಗ ಮಾಡಿ. ಚಳಿ ಕೂಡ ತೊಂದರೆ ಕೊಡುತ್ತದೆ. ಎಸ್‌ಡಿಎಸ್ ಇರುವ ಲೈಸಿಸ್ ಬಫರನ್ನು ಐಸ್‌ನಲ್ಲಿ ಬಹಳ ಹೊತ್ತಿಟ್ಟರೆ ಬಿಳಿ ಹರಳು ಕಟ್ಟುತ್ತದೆ. ಸೋನಿಕೇಟರಿನ ತುದಿ ಮೇಲ್ಮೈಗೆ ಬಂದು ನೊರೆ ಎದ್ದರೆ ಆ ಮಾದರಿಯನ್ನು ನಿಲ್ಲಿಸಿ, ನೊರೆ ಇಳಿಯಲು ಬಿಡಿ. ನೊರೆಯಲ್ಲಿ ಶಕ್ತಿ ಡಿಎನ್‌ಎಗೆ ತಲುಪುವುದಿಲ್ಲ. ತುಂಡು 200ರಿಂದ 500 ಬೇಸ್ ಆಗಬೇಕು. ಅದನ್ನು ಕ್ರಾಸ್‌ಲಿಂಕ್ ಬಿಡಿಸಿದ ಮೇಲೆಯೇ, ಅಂದರೆ 65 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಜೆಲ್‌ನಲ್ಲಿ ನೋಡಬೇಕು. ಬಿಡಿಸದೆ ಓಡಿಸಿದರೆ ಸುಳ್ಳೇ ದೊಡ್ಡದಾಗಿ ಕಾಣುತ್ತದೆ.

ಲೆಕ್ಕ ಹೀಗೆ. ಶೇ. 1 ಇನ್‌ಪುಟ್ ಇಟ್ಟಿದ್ದರೆ ಅದರ ಸಿಟಿಯಿಂದ (ಕ್ಯೂಪಿಸಿಆರ್ ಕೊಡುವ ಚಕ್ರಸಂಖ್ಯೆ) 6.64 ಕಳೆಯಿರಿ. ಇನ್‌ಪುಟ್ 25 ಬಂದಿದ್ದರೆ 18.36. ಪಿ65 ಐಪಿ 26 ಬಂದರೆ ವ್ಯತ್ಯಾಸ 7.64, ಅಂದರೆ ಇನ್‌ಪುಟ್‌ನ ಶೇ. 0.5. ಹೋಲಿಕೆಗೆ ಹಾಕಿದ ಗುರಿಯಿಲ್ಲದ ಆಂಟಿಬಾಡಿ ಐಜಿಜಿ 31 ಬಂದರೆ ಶೇ. 0.016. ಐಕಪ್ಪಾಬಿ-ಆಲ್ಫಾ ಪ್ರಮೋಟರ್‌ನಲ್ಲಿ ಇಂಥ ಅಂತರ ಬಂದು, ಜೀನ್ ಇಲ್ಲದ ಖಾಲಿ ಪ್ರದೇಶದಲ್ಲಿ ಬರದಿದ್ದರೆ ನಿಮ್ಮ ಚಿಪ್ ಸರಿ. 0 ಗಂಟೆಯಲ್ಲೇ ಪಿ65 ಜೋರಾಗಿ ಕಂಡರೆ ಸೀರಮ್ ಅಥವಾ ನೀರಿನಲ್ಲಿ ಎಂಡೋಟಾಕ್ಸಿನ್ ಇದೆಯೇ, ಕೋಶಗಳಿಗೆ ಮೈಕೋಪ್ಲಾಸ್ಮಾ ಹತ್ತಿದೆಯೇ ಪರೀಕ್ಷಿಸಿ. ಟಿಎಚ್‌ಪಿ-1 ಎಂಬ ಮಾನವ ಕೋಶ ಬಳಸುವವರು, ಅವನ್ನು ಮ್ಯಾಕ್ರೋಫೇಜ್ ಮಾಡಲು ಹಾಕುವ ಪಿಎಂಎ ತಾನೇ ಎನ್‌ಎಫ್-ಕಪ್ಪಾಬಿಯನ್ನು ಎಬ್ಬಿಸುತ್ತದೆ ಎಂಬುದನ್ನು ನೆನಪಿಟ್ಟು, ಪಿಎಂಎ ತೊಳೆದು ಕನಿಷ್ಠ ಒಂದು ದಿನ ವಿಶ್ರಾಂತಿ ಕೊಡಬೇಕು.

ಮೊದಲ ಅಲೆಯ ಜೀನ್ ಯಾವುದು, ಎರಡನೆಯದು ಯಾವುದು ಎಂದು ಬೇರ್ಪಡಿಸಲು ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್ ಮೊದಲೇ ಕೊಟ್ಟು ಹೊಸ ಪ್ರೋಟೀನ್ ತಡೆಯುತ್ತಾರೆ. ಆಗಲೂ ಏರಿದ್ದು ಮೊದಲ ಅಲೆ. ಆದರೆ ಐಕಪ್ಪಾಬಿ-ಆಲ್ಫಾ ಕೂಡ ಹೊಸದಾಗಿ ಆಗದಿರುವುದರಿಂದ ಪಿ65 ಒಳಗೇ ಉಳಿದು, ಮೊದಲ ಅಲೆಯ ಜೀನ್‌ಗಳು ಸಹಜಕ್ಕಿಂತ ಬಹಳ ಏರುತ್ತವೆ. ಏರಿತೇ ಇಲ್ಲವೇ ಎಂಬುದನ್ನಷ್ಟೇ ಅದರಿಂದ ಓದಿ, ಎಷ್ಟು ಏರಿತು ಎಂಬುದನ್ನು ಓದಬೇಡಿ.

ಕಾರಣ ಸಂಬಂಧ ಹೇಳಲು ಪಿ65ನ್ನು ತೆಗೆದು ನೋಡಲೇಬೇಕು. ಪಿ65 ಇಲ್ಲದ ಇಲಿಯ ಭ್ರೂಣ ಯಕೃತ್ತಿನ ಕೋಶಗಳು ಸತ್ತು 15ನೇ ದಿನದ ಹೊತ್ತಿಗೆ ಸಾಯುತ್ತದೆ, ಅದಕ್ಕೇ ಅಂಥ ಮ್ಯಾಕ್ರೋಫೇಜ್‌ಗಳನ್ನು ಭ್ರೂಣದ ಯಕೃತ್ತಿನಿಂದ ಬೆಳೆಸುತ್ತಾರೆ. ಆ ಬಗೆಯ ಡೇಟಾ ಹುಡುಕಿ. ಬಿಎವೈ 11-7082 ಎಂಬ ರಾಸಾಯನಿಕ ಅಗ್ಗ, ಎಲ್ಲರೂ ಬಳಸುತ್ತಾರೆ, ಆದರೆ ಅದು ಯುಬಿಕ್ವಿಟಿನ್ ವ್ಯವಸ್ಥೆಯ ಎಂಜೈಮ್‌ಗಳನ್ನೂ ತಡೆಯುತ್ತದೆ. ಅದೊಂದರ ಮೇಲೆ ತೀರ್ಮಾನ ಕಟ್ಟಬೇಡಿ. ಐಕೆಕೆ2 ತಡೆಯುವ ಟಿಪಿಸಿಎ-1 ಜೊತೆಗಿಟ್ಟು ಹೋಲಿಸಿ.

ಪ್ರಬಂಧದ ಕೋಷ್ಟಕದಲ್ಲಿ "ಪಿ65 ಗುರಿ ಜೀನ್" ಎಂಬ ಒಂದೇ ಕಾಲಂ ಇಡಬೇಡಿ. ನಾಲ್ಕು ಮಾಡಿ: 1 ಗಂಟೆಗೆ ಪೀಕಿನ ತೂಕದ ಅಂಕ, ಪೀಕಿನ ನಡುವೆ ಕಪ್ಪಾಬಿ ಮಾದರಿ ಇದೆಯೇ, ಇಂಟ್ರಾನ್ ರೀಡ್ ಎಷ್ಟು ಪಟ್ಟು ಏರಿತು, ಪಿ65 ಇಲ್ಲದಾಗ ಆ ಏರಿಕೆ ಎಷ್ಟು ಬಿತ್ತು. ನಾಲ್ಕನೇ ಕಾಲಂ ಖಾಲಿ ಇರುವ ಜೀನ್‌ಗಳನ್ನು "ಪಿ65 ಕೂತಿರುವ ಜೀನ್" ಎಂದಷ್ಟೇ ಬರೆಯಿರಿ.